ಹಲಗೆ ತಿರುಗಿಸಿದರೆ ಬೆಳಕೂ ತಿರುಗಿತು: ಬೆಳಕಿನ ಚದುರುವಿಕೆಯ ಕಿಟ್, ಎಂಟು ತಿಂಗಳ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್ ಕೊಳ್ಳಿ. ಅದರ ಜೊತೆ ಬರುವ ಪುಸ್ತಿಕೆಯ 11ನೇ ಪುಟವನ್ನು ಮಾತ್ರ ನಂಬಬೇಡಿ.

ಆ ಪುಟದಲ್ಲಿ ಒಂದು ಚಿತ್ರವಿದೆ. ಎಡಗಡೆಯಿಂದ ಒಂದು ಕಿರಣ ಬಂದು ಒಂದು ಕಣಕ್ಕೆ ಬಡಿಯುತ್ತದೆ. ಕಣದ ಸುತ್ತಲೂ, ಮಕ್ಕಳು ಬಿಡಿಸುವ ಸೂರ್ಯನ ಹಾಗೆ, ಒಂದೇ ಉದ್ದದ ಬಾಣಗಳು ಹೊರಟಿವೆ. ಕೆಳಗೆ 'ಬೆಳಕು ಎಲ್ಲ ದಿಕ್ಕಿಗೂ ಸಮನಾಗಿ ಚದುರುತ್ತದೆ' ಎಂದು ಬರೆದಿದೆ. ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಇದೇ ಚಿತ್ರವನ್ನು ನಾನೂ ಬೋರ್ಡ್ ಮೇಲೆ ಬಿಡಿಸಿದ್ದೇನೆ. ಅದು ತಪ್ಪು ಅಂತ ನನಗೆ ಕಣ್ಣಾರೆ ತೋರಿಸಿದ್ದು ಇದೇ ಡಬ್ಬಿಯೊಳಗಿನ ಸಾಮಾನು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಡಬ್ಬಿಯಲ್ಲಿ ಏನಿದೆ ಅಂತ ಹೇಳುತ್ತೇನೆ. 650 ನ್ಯಾನೋಮೀಟರ್‌ನ ಕೆಂಪು ಲೇಸರ್, 532 ನ್ಯಾನೋಮೀಟರ್‌ನ ಹಸಿರು ಲೇಸರ್. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಗೆ ಬಿಡುವ, ಅಂಗೈ ಅಗಲದ ಎರಡು ಪೋಲರಾಯ್ಡ್ ಹಾಳೆ. ಒಂದು ಪಾರದರ್ಶಕ ಪ್ಲಾಸ್ಟಿಕ್ ತೊಟ್ಟಿ, ಒಂದು ಡ್ರಾಪರ್. ಗೇಣುದ್ದದ ಪೈನ್ ಮರದ ಪಟ್ಟಿ. ಒಂದು ಕ್ಯಾಲ್ಸೈಟ್ ಹರಳು. ಕೊನೆಗೆ ಬೆರಳುದ್ದದ, ಬಾಯಿ ಬೆಸೆದ ಒಂದು ಗಾಜಿನ ಬಾಟಲಿ. ಅದರ ಮೇಲೆ '5ಸಿಬಿ' ಎಂದಷ್ಟೇ ಬರೆದಿದೆ. ಪುಸ್ತಿಕೆಯಲ್ಲಿ ಆ ಬಾಟಲಿಗೆ ಸಿಕ್ಕಿರುವುದು ನಾಲ್ಕೇ ಸಾಲು. ಇಡೀ ಕಿಟ್‌ನಲ್ಲಿ ಎಲ್ಲಕ್ಕಿಂತ ಒಳ್ಳೆಯ ವಸ್ತು ಅದೇ.

ತೊಟ್ಟಿಯಿಂದ ಶುರು ಮಾಡೋಣ. ನೀರು ತುಂಬಿ, ಹಾಲಿನ ಎರಡು ಹನಿ ಹಾಕಿ, ಕೆಂಪು ಲೇಸರ್ ಅನ್ನು ಅಡ್ಡಲಾಗಿ ಬಿಡಬೇಕು. ನೀರಿನೊಳಗೆ ಕೆಂಪು ಗೆರೆ ಕಾಣುತ್ತದೆ. ಪುಸ್ತಿಕೆ ಇಲ್ಲಿಗೇ ನಿಲ್ಲಿಸುತ್ತದೆ. ನೀವು ನಿಲ್ಲಿಸಬೇಡಿ. ಪಕ್ಕದಿಂದ ನೋಡುತ್ತಾ ಲೇಸರ್ ಅನ್ನು ಕೈಯಲ್ಲೇ ನಿಧಾನವಾಗಿ ಉರುಳಿಸಿ, ಪೆನ್ಸಿಲ್ ಉರುಳಿಸಿದ ಹಾಗೆ. ಗೆರೆ ಮಂಕಾಗುತ್ತಾ ಬಂದು ಒಂದು ಹಂತದಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಆಗ ಲೇಸರ್ ಅಲ್ಲಾಡಿಸದೆ ತಲೆ ಎತ್ತಿ ಮೇಲಿನಿಂದ ನೋಡಿ. ಗೆರೆ ಅಲ್ಲಿ ಜೋರಾಗಿ ಹೊಳೆಯುತ್ತಿರುತ್ತದೆ!

ಕಾರಣ ಸರಳ. ಇಂಥ ಚಿಕ್ಕ ಲೇಸರ್‌ನಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ. ಅದು ಹಾಲಿನ ಸಣ್ಣ ಕಣದೊಳಗಿನ ಎಲೆಕ್ಟ್ರಾನ್‌ಗಳನ್ನು ಅದೇ ದಿಕ್ಕಿನಲ್ಲಿ ಅಲ್ಲಾಡಿಸುತ್ತದೆ. ಹಾಗೆ ಅಲ್ಲಾಡುವ ಎಲೆಕ್ಟ್ರಾನ್ ತನ್ನ ಎರಡೂ ಪಕ್ಕಕ್ಕೆ ಬೆಳಕು ಚೆಲ್ಲುತ್ತದೆ. ತಾನು ಅಲ್ಲಾಡುವ ದಿಕ್ಕಿಗೆ ಮಾತ್ರ ಏನೂ ಕೊಡುವುದಿಲ್ಲ. ಮೇಲೆ ಕೆಳಗೆ ಅಲ್ಲಾಡಿದರೆ ಪಕ್ಕಕ್ಕೆ ಬೆಳಕು, ಮೇಲಕ್ಕೆ ಕತ್ತಲು. ಎಲ್ಲ ದಿಕ್ಕಿಗೂ ಸಮ ಅನ್ನುವ ಮಾತು ಇಲ್ಲೇ ಬಿದ್ದುಹೋಯಿತು. ಸಾಮಾನ್ಯ ಟಾರ್ಚ್ ಬೆಳಕು ತೆಗೆದುಕೊಂಡರೂ ಸಮ ಇಲ್ಲ. ಕಣಗಳು ಬೆಳಕಿನ ಅಲೆಗಿಂತ ತುಂಬಾ ಚಿಕ್ಕವಾಗಿದ್ದರೆ, ನೇರ ಮುಂದಕ್ಕೆ ಚದುರುವ ಬೆಳಕಿನ ಅರ್ಧದಷ್ಟು ಮಾತ್ರ 90 ಡಿಗ್ರಿ ಪಕ್ಕಕ್ಕೆ ಬರುತ್ತದೆ.

ಒಂದು ಕಿವಿಮಾತು. ಕೆನೆ ತೆಗೆದ ಹಾಲು ಬಳಸಿ. ಗಟ್ಟಿ ಹಾಲಿನಲ್ಲಿ ಕೊಬ್ಬಿನ ಗೋಲಿಗಳು ದೊಡ್ಡವು, ಸುಮಾರು ಕೆಲವು ಮೈಕ್ರೋಮೀಟರ್, ಅಂದರೆ ಬೆಳಕಿನ ಅಲೆಗಿಂತ ಉದ್ದ. ಆಗ ಗೆರೆ ಪೂರ್ತಿ ಮಾಯವಾಗುವುದಿಲ್ಲ. ಹನಿ ಜಾಸ್ತಿ ಹಾಕಿದರೂ ಅಷ್ಟೇ. ಒಂದು ಕಣದಿಂದ ಚದುರಿದ್ದು ಇನ್ನೊಂದಕ್ಕೆ ಬಡಿದು, ಅದರಿಂದ ಮತ್ತೊಂದಕ್ಕೆ ಬಡಿದು, ಕೊನೆಗೆ ದಿಕ್ಕಿನ ನೆನಪೇ ಅಳಿಸಿಹೋಗುತ್ತದೆ. ಮೊದಲ ಸಲ ನಾನು ಎರಡು ಹನಿಯ ಬದಲು, ಪುಸ್ತಿಕೆ ಹೇಳಿದ ಹಾಗೆ ಒಂದು ಚಮಚ ಹಾಕಿದೆ. ಏನೂ ಕಾಣಲಿಲ್ಲ. ಕಿಟ್ ಕೆಟ್ಟಿದೆ ಅಂತಲೇ ಅಂದುಕೊಂಡೆ. ಇದನ್ನು ಓದಿದ ಮೇಲೆ ನಿಮಗೆ ಹಾಗಾಗಬಾರದು.

ಆದರೆ ಗಟ್ಟಿ ಹಾಲನ್ನು ಎಸೆಯಬೇಡಿ. ಅದಕ್ಕೂ ಒಂದು ಪಾಠವಿದೆ. ಟಾರ್ಚ್ ಬೆಳಕು ಬಿಟ್ಟು, ಬೆಳಕು ನಿಮ್ಮ ಕಡೆಗೆ ಓರೆಯಾಗಿ ಬರುವಂತೆ ನಿಂತು ನೋಡಿ. ಆಮೇಲೆ ಟಾರ್ಚ್ ಹಿಂದೆ ನಿಂತು ನೋಡಿ. ಮೊದಲ ಜಾಗದಿಂದ ನೀರು ಕಣ್ಣು ಕುಕ್ಕುತ್ತದೆ, ಎರಡನೆಯದರಿಂದ ಸಪ್ಪೆ. ದೊಡ್ಡ ಕಣ ಬೆಳಕನ್ನು ಮುಂದಕ್ಕೇ ತಳ್ಳುತ್ತದೆ. ಸೂರ್ಯನ ಎದುರು ಗಾಡಿ ಓಡಿಸುವಾಗ ಗಾಜಿನ ಮೇಲಿನ ಧೂಳು ಎದ್ದು ಕಾಣುವುದು, ಸೂರ್ಯ ಬೆನ್ನ ಹಿಂದೆ ಇದ್ದರೆ ಅದೇ ಧೂಳು ಕಾಣದಿರುವುದು ಇದಕ್ಕೇ. ಇದನ್ನು ಅಳೆಯುವವರು 'ಜಿ' ಎಂಬ ಒಂದೇ ಸಂಖ್ಯೆ ಬಳಸುತ್ತಾರೆ. ಮುಂದಕ್ಕೂ ಹಿಂದಕ್ಕೂ ಸಮನಾಗಿದ್ದರೆ 0, ಎಲ್ಲಾ ಮುಂದಕ್ಕೇ ಹೋದರೆ 1. ಮೋಡದ ನೀರ ಹನಿಗಳಿಗೆ ಅದು ಸುಮಾರು 0.85, ನಮ್ಮ ದೇಹದ ಅಂಗಾಂಶಕ್ಕೆ ಸುಮಾರು 0.9. ಹೆನಿ ಮತ್ತು ಗ್ರೀನ್‌ಸ್ಟೀನ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು 1941ರಲ್ಲಿ ನಕ್ಷತ್ರಗಳ ನಡುವಿನ ಧೂಳಿಗಾಗಿ ಬರೆದ ಸೂತ್ರವನ್ನು ಇವತ್ತು ಚರ್ಮದೊಳಗೆ ಬೆಳಕು ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕಲೂ ಬಳಸುತ್ತಾರೆ. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

ಇನ್ನು ಮರದ ಪಟ್ಟಿ. ನನ್ನ ಅಪ್ಪ ಬಡಗಿ. ಹತ್ತರಿ ಹಿಡಿಯುವ ಮುಂಚೆ ಹಲಗೆಯ ಮೇಲೆ ಹೆಬ್ಬೆರಳು ಸವರಿ ಎಳೆ ಯಾವ ಕಡೆ ಓಡುತ್ತಿದೆ ಅಂತ ಹೇಳುತ್ತಿದ್ದರು. 'ಎಳೆ ಎದುರು ಹಾಕಿಕೊಂಡರೆ ಸಿಬಿರು ಏಳ್ತದೆ ಮಗಳೇ' ಅನ್ನುತ್ತಿದ್ದರು. ಅವರ ಹೆಬ್ಬೆರಳಿಗೆ ಗೊತ್ತಿದ್ದದ್ದು ಲೇಸರ್‌ಗೂ ಗೊತ್ತಿದೆ.

ಕೋಣೆ ಕತ್ತಲು ಮಾಡಿ, ಕೆಂಪು ಲೇಸರ್ ಅನ್ನು ಪೈನ್ ಪಟ್ಟಿಯ ಮೇಲೆ ನೇರವಾಗಿ ಬಿಡಿ. ಬಿಳಿ ಕಾಗದದ ಮೇಲೆ ದುಂಡಗೆ ಬೀಳುವ ಚುಕ್ಕೆ ಮರದ ಮೇಲೆ ಉದ್ದವಾಗುತ್ತದೆ, ಮೊಟ್ಟೆಯಾಕಾರಕ್ಕೆ ಬರುತ್ತದೆ. ಸ್ಕೇಲ್ ಇಟ್ಟು ಅಳೆದೆ. ನನಗೆ ಸಿಕ್ಕಿದ್ದು ಎಳೆಯುದ್ದಕ್ಕೆ ಸುಮಾರು 9 ಮಿಲಿಮೀಟರ್, ಅಡ್ಡಕ್ಕೆ ಸುಮಾರು 4. ಈಗ ಲೇಸರ್ ಅಲ್ಲಾಡಿಸದೆ ಹಲಗೆಯನ್ನು ಮಾತ್ರ ತಿರುಗಿಸಿ. ಚುಕ್ಕೆಯೂ ಹಲಗೆಯ ಜೊತೆಗೇ ತಿರುಗುತ್ತದೆ. ಇದನ್ನು ನೋಡಿದಾಗ ನನ್ನ ಮೈ ಜುಂ ಅಂದಿತು.

ಯಾಕೆ ಅಂದರೆ ಇದು ಹಾಲಿನ ತೊಟ್ಟಿಯ ಕಥೆ ಅಲ್ಲ. ತೊಟ್ಟಿಯನ್ನು ಹೇಗೆ ತಿರುಗಿಸಿ ಇಟ್ಟರೂ ಅದರೊಳಗಿನ ಚದುರುವಿಕೆ ಬದಲಾಗುವುದಿಲ್ಲ. ಅಲ್ಲಿ ದಿಕ್ಕು ತಂದಿದ್ದು ಬೆಳಕು. ಹಲಗೆಯಲ್ಲಿ ದಿಕ್ಕು ಇರುವುದು ವಸ್ತುವಿನೊಳಗೆ. ಪೈನ್‌ನಂಥ ಮರ ಅಂದರೆ ಕೆಲವು ಮಿಲಿಮೀಟರ್ ಉದ್ದದ, ಕೂದಲಿಗಿಂತ ತೆಳ್ಳಗಿನ ಟೊಳ್ಳು ಕೊಳವೆಗಳ ಕಟ್ಟು. ಬೆಳಕು ಆ ಕೊಳವೆಗಳ ಉದ್ದಕ್ಕೆ ಸಲೀಸಾಗಿ ಸಾಗುತ್ತದೆ. ಅಡ್ಡ ಹೋಗಬೇಕಾದರೆ ಒಂದಾದ ಮೇಲೊಂದು ಗೋಡೆ ಸಿಕ್ಕಿ ಚದುರಿ ಚದುರಿ ಸುಸ್ತಾಗುತ್ತದೆ. ಪಟ್ಟಿಯಲ್ಲಿ ಗಂಟು ಇದ್ದರೆ ಅದರ ಹತ್ತಿರ ಚುಕ್ಕೆಯನ್ನು ಮೆಲ್ಲಗೆ ಸರಿಸಿ ನೋಡಿ. ಎಳೆ ಗಂಟನ್ನು ಬಳಸಿಕೊಂಡು ಹೋಗುವ ಕಡೆ ಚುಕ್ಕೆ ವಾಲುತ್ತದೆ. ಎಳೆ ಹಲಗೆಯೊಳಕ್ಕೆ ಮುಳುಗುವ ಕಡೆ ಮತ್ತೆ ದುಂಡಗಾಗುತ್ತದೆ. ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಇದೇ ಗುಣ ಬಳಸಿ ಹಲಗೆಯ ಗಟ್ಟಿತನ ಅಂದಾಜು ಮಾಡುವ ಯಂತ್ರಗಳಿವೆ. ಸಾಲಾಗಿ ಲೇಸರ್ ಚುಕ್ಕೆ ಬಿಟ್ಟು, ಒಂದೊಂದು ಚುಕ್ಕೆ ಯಾವ ಕಡೆ ವಾಲಿದೆ ಎಂದು ಕ್ಯಾಮೆರಾದಲ್ಲಿ ನೋಡುತ್ತಾರೆ.

ಪುಸ್ತಿಕೆ ಈ ಎರಡನ್ನೂ ಒಂದೇ ಹೆಸರಿನಲ್ಲಿ ಕಲಸಿಬಿಟ್ಟಿದೆ. ನನಗೆ ಸಿಟ್ಟು ಬಂದಿದ್ದು ಇಲ್ಲೇ. ಬೆಳಕು ಸಾಗುವ ದಿಕ್ಕು, ಕಂಪಿಸುವ ದಿಕ್ಕು ನೋಡಿಕೊಂಡು ಚದುರುವುದು ಒಂದು. ವಸ್ತು ಮಲಗಿರುವ ದಿಕ್ಕು ನೋಡಿಕೊಂಡು ಚದುರುವುದು ಇನ್ನೊಂದು. ಎರಡನ್ನೂ ಬೇರೆ ಮಾಡಲು ಸೂತ್ರ ಬೇಡ. ವಸ್ತುವನ್ನೇ ತಿರುಗಿಸಿ ನೋಡಿದರೆ ಸಾಕು. ಏನಾದರೂ ಬದಲಾದರೆ ದಿಕ್ಕು ವಸ್ತುವಿನಲ್ಲಿದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಇದನ್ನು ಹಿಡಿದುಕೊಂಡು ಹಲ್ಲು ಬೆಳಗುವ ಬ್ರಷ್, ಬಟ್ಟೆ, ಬಾಚಣಿಗೆ, ತನ್ನ ಜಡೆ, ಎಲ್ಲದರ ಮೇಲೂ ಚುಕ್ಕೆ ಬಿಟ್ಟು ತಿರುಗಿಸಿ ನೋಡಿದಳು. ಜಡೆಯ ಮೇಲೆ ಬಂದ ಉದ್ದದ ಗೆರೆ ನೋಡಿ 'ಮಿಸ್, ಇದು ಮರದ ಹಾಗಲ್ಲ, ಅಡ್ಡಕ್ಕೆ ಹರಡ್ತಿದೆ' ಅಂದಳು. ಸರಿಯಾಗಿಯೇ ನೋಡಿದ್ದಳು. ಕೂದಲಿನ ಹೊರಮೈಗೆ ಬಡಿದ ಬೆಳಕು ಕೂದಲಿಗೆ ಅಡ್ಡಲಾಗಿ ಬೀಸಣಿಗೆಯಂತೆ ಹರಡುತ್ತದೆ. ಹೊರಮೈಯಿಂದ ಚಿಮ್ಮುವುದು ಬೇರೆ, ಒಳಗೆ ನುಗ್ಗಿ ಸಾಗುವುದು ಬೇರೆ, ಅಲ್ವಾ?

ಕ್ಯಾಲ್ಸೈಟ್ ಹರಳಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನಗೆ ಬಂದದ್ದರ ಒಂದು ಮೂಲೆ ಒಡೆದಿತ್ತು. ಆದರೂ ಕೆಲಸ ಮಾಡುತ್ತದೆ. ಅಕ್ಷರದ ಮೇಲಿಟ್ಟರೆ ಎರಡೆರಡು ಕಾಣುತ್ತದೆ. ಒಂದು ಕಂಪನಕ್ಕೆ ಅದರ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎನ್ನುವ ಸಂಖ್ಯೆ, 1.658, ಇನ್ನೊಂದಕ್ಕೆ 1.486. ಪೋಲರಾಯ್ಡ್ ಹಾಳೆ ಮೇಲಿಟ್ಟು ತಿರುಗಿಸಿದರೆ ಒಮ್ಮೆ ಒಂದು ಅಕ್ಷರ ಅಳಿಸುತ್ತದೆ, ಇನ್ನೊಮ್ಮೆ ಇನ್ನೊಂದು.

ಆದರೆ ಈ ಹರಳಿಗೂ ಆಕಾಶಕ್ಕೂ ಒಂದು ನಂಟಿದೆ. ಪೋಲರಾಯ್ಡ್ ಹಾಳೆ ಬರುವ ಮುಂಚೆ ಕ್ಯಾಲ್ಸೈಟ್ ಕತ್ತರಿಸಿ ಅಂಟಿಸಿದ ನಿಕೋಲ್ ಪ್ರಿಸಮ್ ಬಳಸುತ್ತಿದ್ದರು. 1921ರಲ್ಲಿ ಸಿ.ವಿ. ರಾಮನ್ ಹಡಗಿನಲ್ಲಿ ಬರುವಾಗ ಅಂಥದ್ದೊಂದನ್ನು ಹಿಡಿದು ಕಡಲು ನೋಡಿದರು. ನೀರಿನ ಮೇಲೆ ಬಿದ್ದ ಆಕಾಶದ ಪ್ರತಿಬಿಂಬವನ್ನು ಅದರಿಂದ ಅಳಿಸಿದರೂ ಕಡಲು ನೀಲಿಯಾಗೇ ಇತ್ತು. ಹಾಗಾದರೆ ನೀಲಿ ಆಕಾಶದಿಂದ ಎರವಲು ಬಂದದ್ದಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರು ವಾದಿಸಿದರು. ಅಲ್ಲಿಂದ ಶುರುವಾದ ದಾರಿ ಏಳು ವರ್ಷದ ನಂತರ, 1928ರಲ್ಲಿ, ರಾಮನ್ ಪರಿಣಾಮಕ್ಕೆ ಬಂದು ಮುಟ್ಟಿತು. ಆ ಹಡಗಿನ ಪ್ರಯೋಗವನ್ನು ಈ ಕಿಟ್‌ನ ಹಾಳೆಯಿಂದ ಯಾವ ಕೆರೆಯ ದಡದಲ್ಲಾದರೂ ಮಾಡಬಹುದು. ನೀರಿನ ಹೊಳಪು ಅತಿ ಚೆನ್ನಾಗಿ ಅಳಿಸುವುದು ನೇರ ಮೇಲಿನಿಂದ ಸುಮಾರು 53 ಡಿಗ್ರಿ ಓರೆಯಲ್ಲಿ ನೋಡಿದಾಗ.

ಆಕಾಶದ ಪ್ರಯೋಗ ಇನ್ನೂ ಸುಲಭ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಹಿಡಿಯಿರಿ. ಹೆಬ್ಬೆರಳು ತೋರಿಸುವ ಆಕಾಶವನ್ನು ಹಾಳೆಯ ಮೂಲಕ ನೋಡುತ್ತಾ ಹಾಳೆ ತಿರುಗಿಸಿ. ನೀಲಿ ಕಪ್ಪಾಗುತ್ತದೆ, ಮತ್ತೆ ಬೆಳಗುತ್ತದೆ. ಸೂರ್ಯನ ಕಡೆಗೆ ಮಾತ್ರ ಹಾಳೆ ಇಟ್ಟು ನೋಡಲೇಬೇಡಿ, ಅದು ಕಣ್ಣನ್ನು ಕಾಪಾಡುವುದಿಲ್ಲ.

ಗಮನಿಸಿದರೆ, ಎಷ್ಟೇ ತಿರುಗಿಸಿದರೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಇದಕ್ಕೆ ಧೂಳು, ನೆಲದಿಂದ ಚಿಮ್ಮಿದ ಬೆಳಕು, ಎರಡು ಮೂರು ಸಲ ಚದುರಿದ ಬೆಳಕು ಎಲ್ಲವೂ ಕಾರಣ. ಆದರೆ ಅವನ್ನೆಲ್ಲ ತೆಗೆದುಹಾಕಿ, ಶುದ್ಧ ಗಾಳಿಯನ್ನೇ ಇಟ್ಟರೂ ಧ್ರುವೀಕರಣ, ಅಂದರೆ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವ ಪ್ರಮಾಣ, ಸುಮಾರು 94 ಶೇಕಡಾಕ್ಕೆ ನಿಲ್ಲುತ್ತದೆ. ಉಳಿದದ್ದು ಅಣುವಿನ ಆಕಾರದ ಗುಟ್ಟು. ಆರ್ಗಾನ್ ಪರಮಾಣು ಚೆಂಡಿನ ಹಾಗೆ, ಯಾವ ಕಡೆಯಿಂದ ತಳ್ಳಿದರೂ ಅದೇ ಕಡೆಗೆ ಅಲ್ಲಾಡುತ್ತದೆ. ನೈಟ್ರೋಜನ್, ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಉದ್ದುದ್ದ. ಅವುಗಳ ಎಲೆಕ್ಟ್ರಾನ್‌ಗಳಿಗೆ ಅಣುವಿನ ಉದ್ದಕ್ಕೆ ಅಲ್ಲಾಡುವುದು ಸುಲಭ, ಅಡ್ಡಕ್ಕೆ ಕಷ್ಟ. ಓರೆಯಾಗಿ ನಿಂತ ಅಣುವನ್ನು ಬೆಳಕು ಮೇಲೆ ಕೆಳಗೆ ತಳ್ಳಿದರೆ ಅದು ಸ್ವಲ್ಪ ಪಕ್ಕಕ್ಕೂ ಅಲ್ಲಾಡುತ್ತದೆ. ಆ ಪಕ್ಕದ ಅಲ್ಲಾಟದಿಂದ ಬಂದ ಬೆಳಕನ್ನು ಹಾಳೆ ತಡೆಯಲಾರದು. ರಾಮನ್ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ಕೆ.ಎಸ್. ಕೃಷ್ಣನ್ ಇಂಥ ಅಳತೆಗಳಿಂದಲೇ ಅಣುಗಳ ಆಕಾರ ಎಷ್ಟು ಅಸಮ ಎಂದು ಹುಡುಕುತ್ತಿದ್ದರು.

ಇಲ್ಲಿ ನನ್ನ 'ತಿರುಗಿಸಿ ನೋಡಿ' ಪರೀಕ್ಷೆ ಸೋಲುತ್ತದೆ. ಒಂದೊಂದು ಅಣುವಿಗೂ ದಿಕ್ಕಿದೆ. ಆದರೆ ಗಾಳಿಯಲ್ಲಿ ಅವು ಎಲ್ಲಾ ಕಡೆ ಮುಖ ಮಾಡಿ ಉರುಳಾಡುತ್ತಿರುತ್ತವೆ. ಗಾಳಿ ತುಂಬಿದ ಪಾತ್ರೆಯನ್ನು ಹೇಗೆ ತಿರುಗಿಸಿದರೂ ಅದೇ ಉತ್ತರ. ದಿಕ್ಕು ಅಲ್ಲಿ ಅಡಗಿದೆ, ಹಾಳೆಯ ಹಿಂದೆ ಉಳಿದ ಮಸುಕು ಬೆಳಕಿನಲ್ಲಿ ಮಾತ್ರ ಇಣುಕುತ್ತದೆ. ಇದನ್ನು ಮಕ್ಕಳಿಗೆ ಹೇಳಲು ನನಗೆ ಮೂರು ಪೀರಿಯಡ್ ಬೇಕಾಯಿತು.

ಹಾಗಾದರೆ ಅಣುಗಳೆಲ್ಲ ಒಂದೇ ಕಡೆ ಮುಖ ಮಾಡಿ ನಿಂತರೆ? ಅದೇ ಆ ಚಿಕ್ಕ ಬಾಟಲಿ.

5ಸಿಬಿ ಒಂದು ದ್ರವ ಹರಳು. ರಸಾಯನ ವಿಜ್ಞಾನಿ ಜಾರ್ಜ್ ಗ್ರೇ ಮತ್ತು ಅವರ ಜೊತೆಗಾರರು 1973ರಲ್ಲಿ ಪ್ರಕಟಿಸಿದ ವಸ್ತುಗಳಲ್ಲಿ ಒಂದು. ಕ್ಯಾಲ್ಕುಲೇಟರ್, ವಾಚುಗಳ ಪರದೆ ಮನೆಮನೆಗೆ ಬರಲು ಇಂಥ ವಸ್ತುಗಳೇ ಕಾರಣ. ಅದರ ಅಣುಗಳು ಕಡ್ಡಿಯ ಹಾಗೆ. ಸುಮಾರು 24ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಅದು ದ್ರವವೇ, ಸುರಿದರೆ ಹರಿಯುತ್ತದೆ. ಆದರೆ ಕಡ್ಡಿಗಳು ಅಕ್ಕಪಕ್ಕದವರ ಜೊತೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಬಾಟಲಿ ನೋಡಲು ಗಂಜಿ ತಿಳಿಯ ಹಾಗೆ ಬೆಳ್ಳಗೆ ಮಸುಕು.

ಅದನ್ನು ಮುಷ್ಟಿಯಲ್ಲಿ ಹಿಡಿದು ಕಾಯಿರಿ. ಕೈ ತಣ್ಣಗಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಇಳಿಬಿಡಿ. ಮೊದಲು ಗಾಜಿನ ಅಂಚಿನಲ್ಲಿ ಒಂದು ಸ್ವಚ್ಛ ಗೆರೆ ಕಾಣಿಸುತ್ತದೆ. ಅದು ಒಳಕ್ಕೆ ಹರಿದು, ಕೆಲವೇ ಕ್ಷಣದಲ್ಲಿ ಇಡೀ ಬಾಟಲಿ ತಿಳಿನೀರಿನಂತಾಗುತ್ತದೆ. ಏನೂ ಕರಗಲಿಲ್ಲ, ಏನೂ ಸೇರಲಿಲ್ಲ, ಅವೇ ಅಣುಗಳು, ಅಷ್ಟೇ ಅಣುಗಳು. 35 ಡಿಗ್ರಿ ದಾಟಿದ್ದಕ್ಕೆ ಕಡ್ಡಿಗಳು ಒಪ್ಪಂದ ಮುರಿದು ತಮಗೆ ಬೇಕಾದ ಕಡೆ ತಿರುಗಿದವು, ಅಷ್ಟೇ. ಆರಲು ಬಿಟ್ಟರೆ ಮತ್ತೆ ಮಸುಕು ಮೋಡದ ಹಾಗೆ ಕವಿಯುತ್ತದೆ.

ಮನಸ್ಸಿಗೆ ಇದು ಉಲ್ಟಾ ಅನ್ನಿಸುತ್ತದೆ. ಶಿಸ್ತಾಗಿ ನಿಂತಾಗ ಸ್ವಚ್ಛ, ಚೆಲ್ಲಾಪಿಲ್ಲಿಯಾದಾಗ ಮಸುಕು ಆಗಬೇಕಿತ್ತಲ್ಲ? ನಿಜ ಏನೆಂದರೆ, ಪೂರ್ತಿ ಚೆಲ್ಲಾಪಿಲ್ಲಿಯಾದರೆ ಬೆಳಕಿಗೆ ಎಲ್ಲಾ ಜಾಗವೂ ಒಂದೇ ಥರ ಕಾಣುತ್ತದೆ. ಒಟ್ಟಾಗಿ ಮಲಗಿದ ಕಡ್ಡಿಗಳು ಮಾತ್ರ ದೊಡ್ಡ ದೊಡ್ಡ ಗುಂಪಾಗಿ, ಗಾಳಿಗೆ ತೂಗುವ ಪೈರಿನಂತೆ, ಇಡಿಯಾಗಿ ಬಾಗಿ ಏಳುತ್ತವೆ. ಬಾಗಿದ ಜಾಗದಲ್ಲಿ ಬೆಳಕಿಗೆ ಸಿಗುವ ದಾರಿಯೇ ಬೇರೆ. ಈ ತೂಗಾಟದಿಂದ ಆಗುವ ಚದುರುವಿಕೆ ಸಾಮಾನ್ಯ ದ್ರವದ್ದಕ್ಕಿಂತ ಹತ್ತು ಲಕ್ಷ ಪಟ್ಟಿನಷ್ಟು ಜಾಸ್ತಿ. ಹಸಿರು ಲೇಸರ್ ಬಿಟ್ಟು, ಅದರ ಕಂಪನಕ್ಕೆ ಅಡ್ಡ ತಿರುಗಿಸಿದ ಪೋಲರಾಯ್ಡ್ ಹಾಳೆಯಿಂದ ನೋಡಿ. ಹಾಲಿನ ನೀರಿನಲ್ಲಿ ಗೆರೆ ಆರುತ್ತಿತ್ತು, ಇಲ್ಲಿ ಮಿಣುಗುತ್ತಾ ಉರಿಯುತ್ತಲೇ ಇರುತ್ತದೆ. ಆ ಮಿಣುಗನ್ನು ಸುಮ್ನೆ ಐದು ನಿಮಿಷ ನೋಡಿದ್ದೇನೆ. ಅಣುಗಳ ಗುಂಪು ಬಾಗಿ ಏಳುವುದನ್ನೇ ಬರಿಗಣ್ಣಲ್ಲಿ ನೋಡಿದ ಹಾಗೆ.

ಇಂಥ ವಸ್ತುವಿಗೆ ಪುಸ್ತಿಕೆಯಲ್ಲಿ ನಾಲ್ಕು ಸಾಲು! ಅದರಲ್ಲೂ ಒಂದು ಸಾಲು 'ಬಾಟಲಿ ಒಡೆಯಬೇಡಿ'.

ಕೊರತೆಗಳನ್ನೂ ಹೇಳಬೇಕು. ಪ್ಲಾಸ್ಟಿಕ್ ತೊಟ್ಟಿ ಈ ಕೆಲಸಕ್ಕೆ ತಕ್ಕದ್ದಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್‌ನಲ್ಲಿ ಬಿಗಿತ ಉಳಿದಿರುತ್ತದೆ. ಖಾಲಿ ತೊಟ್ಟಿಯನ್ನು ಎರಡು ಪೋಲರಾಯ್ಡ್ ನಡುವೆ ಹಿಡಿದರೆ ಮೂಲೆಗಳಲ್ಲಿ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಅಂದರೆ ತೊಟ್ಟಿಯೇ ಬೆಳಕಿನ ಕಂಪನವನ್ನು ತಿರುಚುತ್ತಿದೆ. ಆಮೇಲೆ ನೀವು ಅಳೆಯುವುದು ಹಾಲಿನದ್ದೋ ತೊಟ್ಟಿಯದ್ದೋ ಗೊತ್ತಾಗುವುದಿಲ್ಲ. ನಾನು ಚಪ್ಪಟೆ ಗೋಡೆಯ ಗಾಜಿನ ಜಾಡಿಗೆ ಬದಲಾಯಿಸಿಕೊಂಡೆ. ಗೆರೆ ಆರುವುದು ಎಷ್ಟೋ ಸ್ಪಷ್ಟವಾಯಿತು.

ಲೇಸರ್‌ಗಳ ಮೇಲೆ ಕಂಪನದ ದಿಕ್ಕಿನ ಗುರುತಿಲ್ಲ, ಪೋಲರಾಯ್ಡ್ ಹಾಳೆಗೂ ಇಲ್ಲ. ನುಣುಪು ನೆಲದ ಹೊಳಪನ್ನು ಓರೆಯಲ್ಲಿ ನೋಡುತ್ತಾ ಹಾಳೆ ತಿರುಗಿಸಿ. ಹೊಳಪು ಅತಿ ಕಡಿಮೆಯಾದಾಗ ಹಾಳೆ ಬೆಳಕು ಬಿಡುವ ಕಂಪನದ ದಿಕ್ಕು ಮೇಲೆ ಕೆಳಗೆ ಇದೆ ಎಂದರ್ಥ. ಅಲ್ಲಿ ಪೆನ್ನಿನಿಂದ ಗೆರೆ ಎಳೆದುಕೊಳ್ಳಿ. ಅದರಿಂದ ಲೇಸರ್‌ಗೂ ಗುರುತು ಹಾಕಬಹುದು.

ಹಸಿರು ಲೇಸರ್ ಬಗ್ಗೆ ನನಗೆ ನಿಜವಾದ ಆತಂಕವಿದೆ. ಇಂಥ ಹಸಿರು ಲೇಸರ್‌ನ ಒಳಗೆ 808 ಮತ್ತು 1064 ನ್ಯಾನೋಮೀಟರ್‌ನ ಕಾಣದ ಅವಕೆಂಪು ಬೆಳಕು ಹುಟ್ಟುತ್ತದೆ. ಸೋಸುವ ಫಿಲ್ಟರ್ ಇಲ್ಲದಿದ್ದರೆ ಅದೂ ಹೊರಗೆ ಬರುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಡಬ್ಬಿಯ ಮೇಲೆ ಫಿಲ್ಟರ್ ಮಾತೇ ಇಲ್ಲ. ಕಂಪನಿಗೆ ಎರಡು ಸಲ ಬರೆದು ಕೇಳಿದೆ, ಉತ್ತರ ಬಂದಿಲ್ಲ. ಹಾಗಾಗಿ ಮಕ್ಕಳ ಕೈಗೆ ಕೆಂಪು ಲೇಸರ್ ಮಾತ್ರ ಕೊಡುತ್ತೇನೆ, ಅದೂ 1 ಮಿಲಿವ್ಯಾಟ್ ಮೀರಿಲ್ಲ ಅಂತ ನೋಡಿಕೊಂಡು. ಹಸಿರು ನನ್ನ ಕೈಯಲ್ಲೇ ಇರುತ್ತದೆ. ಸಣ್ಣ ಕಣಗಳಿಂದ ಹಸಿರು ಕೆಂಪಿಗಿಂತ ಎರಡು ಪಟ್ಟಿಗೂ ಜಾಸ್ತಿ ಚದುರುತ್ತದೆ, ಗೆರೆ ಚೆನ್ನಾಗಿ ಕಾಣುತ್ತದೆ ನಿಜ. ಆದರೂ ಕಣ್ಣಿಗಿಂತ ಗೆರೆ ದೊಡ್ಡದಲ್ಲ.

ಯಾರಿಗೆ ಇದು ಸರಿ? ಹೈಸ್ಕೂಲು, ಕಾಲೇಜಿನ ಮೇಷ್ಟ್ರು, ಟೀಚರ್‌ಗಳಿಗೆ ಖಂಡಿತ ಸರಿ. ಮನೆಯಲ್ಲಿ ಕುತೂಹಲದ ಮಕ್ಕಳಿದ್ದು, ಜೊತೆಗೆ ಕೂರುವ ದೊಡ್ಡವರಿದ್ದರೂ ಸರಿ. ಡಬ್ಬಿ ಕೊಟ್ಟು 'ಆಡ್ಕೋ' ಅಂತ ಬಿಡುವ ವಸ್ತು ಇದಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಪುಸ್ತಿಕೆ ಬಿಟ್ಟು ಬರೀ ಸಾಮಾನಿಗೆ ಕೊಡುವುದಾದರೆ ನಾಲ್ಕೂವರೆ.

ಕೊಂಡವರಿಗೆ ಕೊನೆಯದಾಗಿ ಒಂದು ಮಾತು. ಡಬ್ಬಿ ತೆರೆದಾಗ 5ಸಿಬಿ ಬಾಟಲಿ ಮಸುಕು ದ್ರವವಾಗಿರದೆ ಬೆಳ್ಳಗೆ ಗಟ್ಟಿ ಕಟ್ಟಿದ್ದರೆ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ತಣ್ಣನೆಯ ಕೋಣೆಯಲ್ಲಿ ಅದು ಹಾಗೆ ಆಗುತ್ತದೆ. ಬೆಚ್ಚಗಿನ ನೀರಿನಲ್ಲಿ ಇಳಿಬಿಟ್ಟು ಪೂರ್ತಿ ತಿಳಿಯಾಗುವವರೆಗೆ ಕಾಯಿರಿ, ಆಮೇಲೆ ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಮಸುಕು ತಳದಿಂದ ಬರುತ್ತದೋ ಅಂಚಿನಿಂದ ಬರುತ್ತದೋ ನೋಡಿ. ನನ್ನದರಲ್ಲಿ ಪ್ರತಿ ಸಲವೂ ಅಂಚಿನಿಂದಲೇ ಬರುತ್ತದೆ.